ಮರ ತೊಳೆದ ಭಾನುವಾರ

ಟಿ. ದಾಸರಹಳ್ಳಿಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ದಿನಗಳವು. ನನಗಾಗ ಹತ್ತು ವರ್ಷ. ನಮ್ಮ ಬೀದಿಗೆಲ್ಲ ಇದ್ದದ್ದು ಒಂದೇ ಹೊಂಗೆ ಮರ. ಅದರ ನೆರಳಿನಲ್ಲಿ ಅಮ್ಮನ ಇಸ್ತ್ರಿ ಗಾಡಿ. ಕೆಂಡದ ಬಿಸಿ, ಬಟ್ಟೆಯ ಆವಿ, ಹೊಂಗೆ ಹೂವಿನ ವಾಸನೆ ಎಲ್ಲ ಬೆರೆತ ಗಾಳಿಯಲ್ಲಿ ನಾವು ಮಕ್ಕಳು ಕುಂಟೆಬಿಲ್ಲೆ ಆಡುತ್ತಿದ್ದೆವು.

ಆ ಬೇಸಿಗೆ ಮರದಿಂದ ಅಂಟು ಸುರಿಯತೊಡಗಿತು. ಚಿಗುರಿನ ರಸ ಹೀರುವ ಸಣ್ಣ ಹುಳುಗಳು ಎಲೆಯಡಿ ಮುತ್ತಿಕೊಂಡು ಸಿಹಿ ಹನಿ ಉದುರಿಸುತ್ತಿದ್ದವು. ನಮ್ಮ ಚಪ್ಪಲಿಗಳು ನೆಲಕ್ಕೆ ಚಟ್ ಚಟ್ ಎಂದು ಅಂಟುತ್ತಿದ್ದವು. ನಾನಂತೂ ಒಂದು ಎಲೆ ನೆಕ್ಕಿಯೂ ನೋಡಿದ್ದೆ, ಬೆಲ್ಲದ ನೀರಿನಂತಿತ್ತು. ಆದರೆ ಅಮ್ಮ ಇಸ್ತ್ರಿ ಮಾಡಿಟ್ಟ ಬಿಳಿ ಅಂಗಿಗಳ ಮೇಲೆ ಕಲೆ ಬಿದ್ದು, ಜನ ವಾಪಸ್ ತರತೊಡಗಿದರು.

ಎದುರುಮನೆಯ ನಂಜಪ್ಪನವರ ಹೊಸ ಕಾರಿಗೂ ಅಂಟು ಮೆತ್ತಿತ್ತು. "ಭಾನುವಾರ ಮರ ಕಡಿಸ್ಬಿಡ್ತೀನಿ ಕಣಮ್ಮ. ನಿನಗೂ ಒಳ್ಳೇದೇ ಅಲ್ವಾ?" ಎಂದರು.

"ಕಲೆ ಬಿದ್ರೆ ಬಟ್ಟೆ ಮತ್ತೆ ಒಗೆದುಕೊಡ್ತೀನಿ ಸಾರ್," ಎಂದಳು ಅಮ್ಮ. "ನೆರಳಿಲ್ದೆ ಇಡೀ ದಿನ ಕೆಂಡದ ಮುಂದೆ ಹೆಂಗೆ ನಿಲ್ಲಲಿ?"

ಅವರು ಕಾರಿನ ಅಂಟನ್ನು ಉಗುರಿನಿಂದ ಕೆರೆದು ನೋಡಿ ಒಳಗೆ ಹೋದರು. ಅಮ್ಮ ಒಂದೇ ಅಂಗಿಯನ್ನು ಮೂರು ಸಲ ಉಜ್ಜಿದಳು. ಅದನ್ನು ನೋಡಲಾಗದೆ ನಾನು ಬೀದಿ ಮೂಲೆಯ ತಮ್ಮ ಅಂಗಡಿಯ ಮುಂದೆ ಬೈಕ್ ತೊಳೆಯುತ್ತಿದ್ದ ಬಾಷಾಣ್ಣನ ಹತ್ತಿರ ಓಡಿದೆ.

"ಅಣ್ಣ, ಈ ಪೈಪಲ್ಲಿ ಮರ ತೊಳೆಯೋಕಾಗುತ್ತಾ?"

ಅಲ್ಲಿದ್ದವರೆಲ್ಲ ನಕ್ಕರು. ಬಾಷಾಣ್ಣ ಮಾತ್ರ ಮರದ ಕಡೆ ತಲೆಯೆತ್ತಿ ನೋಡಿ, "ನೋಡೇಬಿಡೋಣ ಪುಟ್ಟಿ," ಎಂದರು.

ಭಾನುವಾರ ಕೊಡಲಿಯವನು ಬರುವ ಮೊದಲೇ ಬಾಷಾಣ್ಣನ ನೀರಿನ ಪಂಪು ಬಂತು. ಬಾಡಿಗೆ ರೂಮುಗಳಲ್ಲಿದ್ದ ಕೊಪ್ಪಳ ಕಡೆಯ ಫ್ಯಾಕ್ಟರಿ ಕೆಲಸಗಾರರು ಇಳಿದು ಬಂದರು. "ನೀವು ಮ್ಯಾಲೆ ಹತ್ರಿ, ಏಣಿ ನಾವ್ ಹಿಡೀತೇವಿ," ಎಂದರು. ಬಾಷಾಣ್ಣ ಎಲೆಗಳ ಅಡಿಗೆ ನೀರು ಚಿಮ್ಮಿಸಿದರು. ಹುಳು, ಅಂಟು, ಅಂಟಿನ ಮೇಲೆ ಕಟ್ಟಿದ್ದ ಕಪ್ಪು ಮಸಿ ಎಲ್ಲ ನಮ್ಮ ತಲೆಯ ಮೇಲೇ ಸುರಿಯಿತು. ನಾವು ಕಿರುಚುತ್ತಾ ಅದರಡಿಯೇ ಕುಣಿದೆವು.

ನಂಜಪ್ಪನವರು ಗೇಟಿನಲ್ಲಿ ಕೈಕಟ್ಟಿ ನಿಂತು ಬಹಳ ಹೊತ್ತು ನೋಡಿದರು. ಕಡೆಗೆ, "ಆ ಎಡಗಡೆ ಕೊಂಬೆ ಬಿಟ್ಟೋಯ್ತಲ್ಲಯ್ಯ!" ಎಂದು ಕೂಗಿದರು. ಅಮ್ಮ ಸೆರಗು ಬಾಯಿಗೊತ್ತಿ ನಕ್ಕಳು. ಕೊಡಲಿಯವನು ಟೀ ಕುಡಿದು ಬರಿಗೈಯಲ್ಲಿ ಹಿಂದಿರುಗಿದ.

ಇನ್ನೆರಡು ಭಾನುವಾರ ತೊಳೆದೆವು. ಅಷ್ಟರಲ್ಲಿ ಮಳೆ ಶುರುವಾಗಿ, ಅಂಟು ನಿಂತಿತು.

ಮರ ಈಗಲೂ ಇದೆ. ಬಾಷಾಣ್ಣ ಅಂಗಡಿ ಮುಚ್ಚಿ ಹೋಗಿ ಬಹಳ ಕಾಲವಾಯಿತು. ಬೊಮ್ಮಸಂದ್ರದಲ್ಲಿ ನಾನಿರುವ ಅಪಾರ್ಟ್‌ಮೆಂಟಿನಲ್ಲಿ ಏನೇ ತೊಂದರೆಯಾದರೂ ಫೋನಿನ ಗ್ರೂಪಿನಲ್ಲಿ ದೂರು ಬರೆಯುತ್ತೇವೆ. ಯಾರೂ ಕೆಳಗಿಳಿದು ಬರುವುದಿಲ್ಲ. ನಾನೂ ಇಳಿದವಳಲ್ಲ. ಮೊನ್ನೆ ಅದೇ ಗ್ರೂಪಿನಲ್ಲಿ, ಗೇಟಿನ ಬಳಿಯ ಮರ ಕಾರುಗಳ ಮೇಲೆ ಕಸ ಉದುರಿಸುತ್ತದೆ, ಕಡಿಸಿ ಎಂದು ಯಾರೋ ಬರೆದಿದ್ದಾರೆ. ಈ ಭಾನುವಾರ ಇಳಿಯುತ್ತೇನೆ.