ಸಮಾಂತರ ಗೆರೆಗಳು ಕೂಡಿದ್ದು

ಕಳೆದ ಮಂಗಳವಾರ, ಬೆಳಗ್ಗೆ ಹನ್ನೊಂದು ಹತ್ತು. ಪವಾಯಿಯ ನಮ್ಮ ಡ್ರಾಯಿಂಗ್ ಆಫೀಸಿನಲ್ಲಿ ನಾನು ಮತ್ತು ಹೊಸದಾಗಿ ಸೇರಿದ ವಿಜಯಪುರದ ಸಾವಿತ್ರಿ ಇಬ್ಬರೇ ಇದ್ದೆವು. ಸಾಂತಾಕ್ರೂಜಿನ ಬಿಲ್ಡಿಂಗೊಂದರಲ್ಲಿ ಮೂರು ದಿನದಿಂದ ನಿಂತಿದ್ದ ಲಿಫ್ಟಿಗೆ ಉಕ್ಕಿನ ಪ್ಲೇಟು ಬೇಕಿತ್ತು. ಹನ್ನೊಂದೂವರೆಗೆ ನಕ್ಷೆ ಕಳುಹಿಸದಿದ್ದರೆ ಕತ್ತರಿಸುವ ಯಂತ್ರದ ಸರದಿ ನಮಗೆ ತಪ್ಪುತ್ತಿತ್ತು.

ಪ್ಲೇಟಿನ ಉದ್ದನೆಯ ತೂತಿನ ಎರಡು ಸಮಾಂತರ ಗೆರೆಗಳ ತುದಿಯನ್ನು ಅರ್ಧವೃತ್ತದಿಂದ ಕೂಡಿಸಬೇಕಿತ್ತು; ಕಂಪ್ಯೂಟರಿನಲ್ಲಿ ಅದು ನನಗೆ ಸಾಧ್ಯವಾಗಲಿಲ್ಲ. ಹಳೆಯ ಅಭ್ಯಾಸದಂತೆ ನಾನು ಕಾಗದದಲ್ಲಿ ತ್ರಿಜ್ಯ ಲೆಕ್ಕ ಹಾಕತೊಡಗಿದೆ. ನಕ್ಷೆ ಎಲ್ಲಿ ಎಂದು ವರ್ಕ್‌ಶಾಪಿನಿಂದ ಎರಡನೇ ಸಲ ಫೋನ್ ಬಂತು.

"ಲೆಕ್ಕ ಬಿಡ್ರಿ ಸರ್. ಫಿಲೆಟ್ ಕಮಾಂಡ್ ಕೊಟ್ಟು ಎರಡೂ ಗೆರಿ ಒತ್ರಿ, ಅಳತಿ ಅದೇ ತಗೋತೈತಿ," ಎಂದಳು ಸಾವಿತ್ರಿ.

ಫಿಲೆಟ್ ಎಂದರೆ ಮೂಲೆಯನ್ನು ದುಂಡಗೆ ಮಾಡುವ ಆದೇಶ; ಸಮಾಂತರ ಗೆರೆಗಳಿಗೆ ಮೂಲೆಯೇ ಇಲ್ಲವಲ್ಲ ಎಂದು ನಂಬದೆ ಒತ್ತಿದೆ. ಅರ್ಧವೃತ್ತ ತಾನಾಗಿ ಮೂಡಿತು. ಅಳೆದು ನೋಡಿದೆ, ಸರಿಯಿತ್ತು.

ನಕ್ಷೆಯ ಮೂಲೆಯಲ್ಲಿ ಹಿರಿಯರ ಹೆಸರಷ್ಟೇ ಹಾಕುವುದು ನಮ್ಮಲ್ಲಿ ರೂಢಿ. ಅಂದು ನನ್ನ ಹೆಸರಿನ ಜೊತೆಗೆ ಅವಳದನ್ನೂ ಬರೆದು, ಹನ್ನೊಂದು ಇಪ್ಪತ್ತೆಂಟಕ್ಕೆ ಕಳುಹಿಸಿದೆ.