ಕಾಕು ಮಶೇರಿ ಬಿಟ್ಟದ್ದು

ಮೊನ್ನೆ ಠಾಣೆ ಪಕ್ಕದ ಕಳವಾ ಎಂಬ ಊರಿನ ಹಳೇ ಗಲ್ಲಿಯೊಂದರಲ್ಲಿ ಹೋಗುತ್ತಿದ್ದಾಗ ಯಾರದೋ ಮನೆಯಿಂದ ತಂಬಾಕು ಹುರಿಯುವ ಘಾಟು ಬಂತು. ಮೂಗು ಮುಚ್ಚಿಕೊಂಡೆ, ಆದರೂ ಮುಂದೆ ಹೋಗಲಾಗಲಿಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕಪ್ಪಗೆ ಹುರಿದು, ಪುಡಿ ಮಾಡಿ, ಬೆರಳಿಂದ ಹಲ್ಲಿಗೆ ತಿಕ್ಕುವುದಕ್ಕೆ ಮಶೇರಿ ಎನ್ನುತ್ತಾರೆ. ಹಲ್ಲುಜ್ಜುವುದು ಬರೀ ನೆಪ, ಬೇಕಾದದ್ದು ಅಮಲು. ಒಂದೊಂದೇ ಖೋಲಿಯ ಮನೆಗಳ ಸಾಲಾದ ನಮ್ಮ ಚಾಳಿನ ಎಷ್ಟೋ ಹೆಂಗಸರಿಗೆ ಅದಿಲ್ಲದೆ ಬೆಳಗಾಗುತ್ತಿರಲಿಲ್ಲ. ಎಲ್ಲರಿಗಿಂತ ಹೆಚ್ಚಾಗಿ ನಮ್ಮ ಬಾಜೂ ಖೋಲಿಯ, ಚಿಕ್ಕಮ್ಮನ ಸಲಿಗೆಯಲ್ಲಿ ನಾನು ಕಾಕು ಎನ್ನುತ್ತಿದ್ದವಳಿಗೆ...

ಎಪ್ಪತ್ತರ ದಶಕದ ಮೊದಲ ವರ್ಷಗಳವು. ನಾವೂ ಅವರೂ ವಿಜಾಪುರದ ಕಡೆಯವರು. ಅಪ್ಪ, ಅವ್ವ ಇಬ್ಬರೂ ಕಾರ್ಖಾನೆಗೆ ಹೋಗುತ್ತಿದ್ದರು. ಅವ್ವನದು ಫಸ್ಟ್ ಶಿಫ್ಟ್. ಅವಳು ಹೊರಟ ಮೇಲೆ ನಾನು ಕಾಕುವಿನ ಪಾಲು. ಅವಳಿಗೆ ಮಕ್ಕಳಿರಲಿಲ್ಲ. ಎಣ್ಣೆ ಹಚ್ಚಿ ಜಡೆ ಹಾಕಿ, ರೊಟ್ಟಿ ಕಟ್ಟಿಕೊಟ್ಟು, ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ನನ್ನನ್ನು ಸೊಂಟಕ್ಕೇರಿಸಿಕೊಂಡು ಸಮುದ್ರದ ಹಿನ್ನೀರಿನ ಖಾಡಿ ದಾಟಿಸಿ ಠಾಣೆಯ ಕನ್ನಡ ಶಾಲೆಗೆ ಬಿಡುತ್ತಿದ್ದಳು. ಹೆತ್ತವಳು ಅವ್ವ, ಹೊತ್ತವಳು ಕಾಕು. ನಾನು ಆಕೆಯ ಮಗಳೇ ಎಂದು ಗಾಡಿಯಲ್ಲಿ ಯಾರಾದರೂ ಕೇಳಿದರೆ ಅವಳು ಅಲ್ಲ ಎಂದದ್ದನ್ನು ನಾನು ಕೇಳಿಲ್ಲ.

ಒಂದು ಸಲ ನನಗೆ ದವಡೆ ಹಲ್ಲು ನೋಯತೊಡಗಿತು. ಅಳು ನೋಡಲಾರದೆ ಕಾಕು ತನ್ನ ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ಹಲ್ಲಿಗೆ ಒತ್ತಿದಳು. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು. ಮಶೇರಿ ಹಲ್ಲಿಗೆ ಔಷಧ ಎಂದೇ ಎಲ್ಲರ ನಂಬಿಕೆ. ನೋವು ಕಡಿಮೆಯಾಯಿತು, ತಲೆ ಹಗುರಾಯಿತು, ಮರುದಿನ ನಾನೇ ಬೆರಳು ಚಾಚಿಕೊಂಡು ಅವಳ ಪಕ್ಕ ಹೊಸ್ತಿಲ ಮೇಲೆ ಕುಳಿತೆ. ಕಾಕು ನಕ್ಕು ಕೊಟ್ಟಳು. ಅದರ ಮರುದಿನವೂ ಕೊಟ್ಟಳು. ಇಬ್ಬರೂ ಕಣ್ಣು ಅರೆಮುಚ್ಚಿ ಹಲ್ಲು ತಿಕ್ಕುತ್ತ ಕೂರುವುದು ನಮ್ಮ ಪದ್ಧತಿಯೇ ಆಯಿತು.

ಬಣ್ಣ ಬಯಲಾದದ್ದು ಶಾಲೆಯಲ್ಲಿ. ಮಗ್ಗಿ ಹೇಳುತ್ತ ನಿಂತಿದ್ದವಳು ತಲೆ ತಿರುಗಿ ವಾಂತಿ ಮಾಡಿಕೊಂಡೆ. ನಮ್ಮ ಅಕ್ಕೋರು, ಅಂದರೆ ಟೀಚರು, ಬಾಯಿ ತೆರೆಸಿ ನೋಡಿದರು, ವಾಸನೆಗೆ ಮುಖ ಹಿಂದೆಳೆದುಕೊಂಡರು. ಮರುದಿನ ಅವ್ವನನ್ನು ಕರೆಸಿ, ಇಷ್ಟು ಸಣ್ಣ ಬಾಯಿಗೆ ತಂಬಾಕು ಕೊಟ್ಟವರು ಯಾರು ಎಂದು ಕೇಳಿದರು. ಅವ್ವ ಚಾಳಿಗೆ ಬಂದು ಸೀದಾ ಕಾಕುವಿನ ಬಾಗಿಲಲ್ಲಿ ನಿಂತಳು.

"ವೈನಿ, ಈಕಿನ್ನ ಇನ್ನ ನಿಮ್ಮ ಕಡೆ ಬಿಡೂದಿಲ್ಲ. ಊರಿಗೆ ಅವರಜ್ಜಿ ಹತ್ರ ಕಳಸಿಬಿಡ್ತೇನಿ."

ಕಾಕುವಿನ ಮುಖ ಬಿಳಿಚಿಕೊಂಡಿತು. "ಕಳಸಬ್ಯಾಡವ್ವ. ನಾ ಮಶೇರಿ ಬಿಡ್ತೇನಿ."

"ನೀವು ಬಿಟ್ರ ಏನ ಆಗ್ತದ? ಬಿಡಬೇಕಾದಾಕಿ ಇಕಿ."

"ನಾ ಬಿಡದ ಆಕಿ ಹ್ಯಾಂಗ ಬಿಡ್ತಾಳ?"

ಅವ್ವ ಬೇಸಿಗೆ ಸೂಟಿಯ ತನಕ ನೋಡುತ್ತೇನೆ, ಬಿಡದಿದ್ದರೆ ಊರಿನ ಗಾಡಿ ಹತ್ತಿಸುತ್ತೇನೆ ಎಂದಳು. ಅವ್ವ ಹೇಳಿದ್ದನ್ನು ಮಾಡುವ ಪೈಕಿ.

ಮರುದಿನ ಬೆಳಿಗ್ಗೆ ಕಾಕು ಹೊಸ ಬ್ರಶ್ ಹಿಡಿದು ನನ್ನ ಜೊತೆ ನಳದ ಬಳಿ ಬಂದಳು. ಇದೇನು ಮಹಾ ಎಂದು ಈಗ ಅನಿಸಬಹುದು. ಆಗ ನಮ್ಮ ಚಾಳಿನಲ್ಲಿ ಬ್ರಶ್ ಎಂದರೆ ಗಂಡಸರದು ಮತ್ತು ಶಾಲೆಯ ಮಕ್ಕಳದು. ಹೆಂಗಸು ನಾಲ್ಕು ಜನರೆದುರು ಬಾಯಿ ತುಂಬ ನೊರೆ ಮಾಡಿಕೊಂಡು ನಿಲ್ಲುವುದು ಮರ್ಯಾದೆಯಲ್ಲ. ಕೊಡ ಹಿಡಿದು ನಿಂತವರೆಲ್ಲ ಮುಸಿಮುಸಿ ನಕ್ಕರು. "ಅಗಂ, ಹೇ ಕಾಯ್ ನವೀನ್?" ಇದೇನು ಹೊಸದು ಎಂದು ಎದುರು ಖೋಲಿಯ ಮರಾಠಿ ಬಾಯಿ ಕೂಗಿದಳು. ನಮ್ಮವರೇ ಒಬ್ಬರು, "ಹುಟ್ಟುಗುಣ ಸುಟ್ರೂ ಹೋಗೂದಿಲ್ಲ, ನೋಡೂಣು," ಎಂದರು. ಕಾಕು ನೊರೆ ಉಗುಳಿ, "ನೋಡ್ರಿ, ಚಂದಾಗಿ ನೋಡ್ರಿ," ಎಂದು ಮತ್ತೆ ಬ್ರಶ್ ಬಾಯಿಗಿಟ್ಟಳು.

ತಿಕ್ಕಿದ್ದು ಮಾತ್ರ ಹಿತ್ತಾಳೆ ಕೊಡ ತಿಕ್ಕಿದ ಹಾಗೆ. ವಸಡಿನಿಂದ ರಕ್ತ ಬಂತು. ಅಕ್ಕೋರು ಕಲಿಸಿದ್ದನ್ನು ನಾನು ಅವಳಿಗೆ ಕಲಿಸಿದೆ: ಮೇಲಿನ ಹಲ್ಲು ಮೇಲಿನಿಂದ ಕೆಳಗೆ, ಕೆಳಗಿನದು ಕೆಳಗಿನಿಂದ ಮೇಲೆ, ಒಳಮಗ್ಗುಲನ್ನೂ ಬಿಡಬಾರದು, ವಸಡಿನ ಹತ್ತಿರ ಕೈ ಮೆತ್ತಗಿರಬೇಕು, ಕೊನೆಗೆ ನಾಲಿಗೆ. ಮಲಗುವ ಮುಂಚೆ ಇನ್ನೊಂದು ಸಲ. ಕಾಕು ವಿಧೇಯಳಾಗಿ ಬಾಯಿ ತೆರೆದು ತೋರಿಸುತ್ತಿದ್ದಳು, ನಾನು ಅಕ್ಕೋರ ಠೀವಿಯಲ್ಲಿ ತಪ್ಪು ಹುಡುಕುತ್ತಿದ್ದೆ. ಅಂಥ ವಿದ್ಯಾರ್ಥಿನಿ ಅಕ್ಕೋರಿಗೂ ಸಿಕ್ಕಿರಲಿಕ್ಕಿಲ್ಲ.

ನನಗೆ ಮಶೇರಿ ಬೇಗ ಮರೆತುಹೋಯಿತು. ಕಾಕುವಿನದು ಚಿಕ್ಕಂದಿನಿಂದ ಮೈಗಂಟಿದ ಚಟ. ತಲೆನೋವಿಗೆ ಹಣೆಗೆ ಬಟ್ಟೆ ಬಿಗಿದುಕೊಂಡಳು. ಹೊಟ್ಟೆ ಕಟ್ಟಿಕೊಂಡಿತು. ಅವಳ ಗಂಡ, ಪಾಪದ ಕಾಕಾ, ಸಾರಿಗೆ ಉಪ್ಪು ಕಡಿಮೆ ಎಂದದ್ದಕ್ಕೆ ಚಾಳಿಗೆಲ್ಲ ಕೇಳುವಂತೆ ಬೈಸಿಕೊಂಡರು. ತಡೆಯಲಾಗದಿದ್ದಾಗ ಲವಂಗ ಕಚ್ಚಿಕೊಂಡು ನನ್ನನ್ನು ಮಡಿಲಿಗೆಳೆದುಕೊಂಡು ಕೂರುತ್ತಿದ್ದಳು. ಆದರೂ ಡಬ್ಬಿ ಮನೆಗೆ ಮತ್ತೆ ಬರಲಿಲ್ಲ.

ಸೂಟಿ ಬಂತು. ಅವ್ವ ಊರಿನ ಮಾತೆತ್ತಲಿಲ್ಲ. ಒಂದು ಬೆಳಿಗ್ಗೆ ತಾನೂ ಒಂದು ಬ್ರಶ್ ಹಿಡಿದು ನಳದ ಬಳಿ ಬಂದು ಕಾಕುವಿನ ಪಕ್ಕ ನಿಂತಳು. ತಪ್ಪಾಯಿತು ಎನ್ನುವ ಪೈಕಿಯೂ ಅಲ್ಲ ನಮ್ಮ ಅವ್ವ. ಅವಳಿಂದ ಅಷ್ಟೇ ಬಹಳವಾಯಿತು. ಆಮೇಲೆ ಎದುರು ಖೋಲಿಯವಳು ಬಂದಳು, ನಕ್ಕವರು ಒಬ್ಬೊಬ್ಬರಾಗಿ ಬಂದರು. ಒಂದು ಮನೆಗೆ ಒಂದೇ ಬ್ರಶ್ ಸಾಕು ಎಂದುಕೊಂಡಿದ್ದವರನ್ನು ಕಾಕು ಗದರಿಸಿದ್ದೇ ಗದರಿಸಿದ್ದು: "ಗಂಡನ ಉಣ್ಣೂ ತಾಟ ಬ್ಯಾರೆ ಇಡ್ತೀರಿ, ಹಲ್ಲ ತಿಕ್ಕೂದು ಮಾತ್ರ ಒಂದ?" ನೀರಿನ ಪಾಳಿಯಲ್ಲಿ ನನ್ನ ಕಾಕು ಎಲ್ಲರಿಗಿಂತ ಎತ್ತರವಾಗಿ ಕಾಣುತ್ತಿದ್ದಳು. ಕುಳ್ಳಿ ಅವಳು, ಆದರೂ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಮದುವೆಯಾಗಿ ಡೊಂಬಿವಲಿಯಲ್ಲಿದ್ದೆ. ಕಾಕಾ ತೀರಿಹೋಗಿದ್ದರು, ಕಾಕು ಹಾಸಿಗೆ ಹಿಡಿದಿದ್ದಳು. ಮಗಳನ್ನು ಕರೆದುಕೊಂಡು ನೋಡಲು ಹೋದಾಗ ಕಾಕು ನನ್ನ ಕಿವಿ ತನ್ನ ಬಾಯ ಹತ್ತಿರ ಎಳೆದುಕೊಂಡಳು.

"ಒಂದ ಚಿಟಿಕಿ ಮಶೇರಿ ತರ್ತೀಯೇನವ್ವ?"

ನಾನು ದಂಗಾದೆ. ಅವ್ವನನ್ನು ನೋಡಿದೆ. "ಕೊಡು, ಇನ್ನ ಅದರಿಂದ ಏನ ಆಗೂದೈತಿ," ಎಂದು ಅವ್ವ ಮುಖ ತಿರುಗಿಸಿದಳು. ಇನ್ನೂ ಮಶೇರಿ ತಿಕ್ಕುತ್ತಿದ್ದ ಕೊನೇ ಖೋಲಿಯ ಮುದುಕಿಯ ಹತ್ತಿರ ಇಸಿದುಕೊಂಡು ಬಂದು ಅಂಗೈಯಲ್ಲಿಟ್ಟೆ. ಕಾಕು ಅದನ್ನು ಮೂಗಿನ ತನಕ ಒಯ್ದು, ಕಣ್ಣು ಮುಚ್ಚಿ, ಉಸಿರೆಳೆದುಕೊಂಡಳು. ಕಣ್ಣು ತೆರೆದಾಗ ನನ್ನ ಮಗಳು ಮಂಚದ ಅಂಚು ಹಿಡಿದು ಆ ಅಂಗೈಯನ್ನೇ ನೋಡುತ್ತಿದ್ದಳು.

"ಬ್ಯಾಡ," ಎಂದಳು ಕಾಕು. "ಕೂಸು ನೋಡಾಕತ್ತೈತಿ."

ಅಂಗೈ ಝಾಡಿಸಿದಳು. ನೀರು ಕೇಳಿದಳು. ಆ ವಾರದಲ್ಲೇ ಹೋಗಿಬಿಟ್ಟಳು.

ಈಗ ಆ ಚಾಳಿನ ಜಾಗದಲ್ಲಿ ಎತ್ತರದ ಕಟ್ಟಡವಿದೆ. ಕಾಕುವನ್ನು ಕಂಡವರಲ್ಲಿ ಉಳಿದದ್ದು ನಾನು, ಇನ್ನೊಬ್ಬಿಬ್ಬರು. ಮಶೇರಿ ಬಿಟ್ಟ ಮೇಲೆ ಅವಳ ಆಸೆಯೂ ಸತ್ತುಹೋಯಿತೆಂದೇ ನಾನು ಅಷ್ಟೂ ವರ್ಷ ತಿಳಿದಿದ್ದೆ. ಆಸೆ ಒಂದು ದಿನವೂ ಸತ್ತಿರಲಿಲ್ಲ... ನಾನು ಅವಳ ಹತ್ತಿರವೇ ಇರಲೆಂದು ಅದನ್ನು ಬಾಯೊಳಗೇ ಹಿಡಿದುಕೊಂಡು ಪ್ರತಿ ಬೆಳಿಗ್ಗೆ ನನ್ನ ಪಕ್ಕ ನಿಂತಿದ್ದಳು. ಇದನ್ನು ಅವಳಿಗೆ ಹೇಳಬೇಕಿತ್ತು. ಕೇಳಲು ಅವಳಿಲ್ಲ.