ಎಂಟು ಮಂತ್ರಿಗಳು

ಮೊನ್ನೆ ಮೊಮ್ಮಗಳು ಚದುರಂಗದ ಮಣೆ ತಂದು, "ತಾತ, ಒಂದನ್ನೊಂದು ಹೊಡೆಯದ ಹಾಗೆ ಎಂಟು ಮಂತ್ರಿ ಇಡು, ನೋಡೋಣ" ಅಂದಳು. ಕನ್ನಡಕ ಸಿಗ್ತಿಲ್ಲ ಅಂತ ಎದ್ದುಬಿಟ್ಟೆ. ಕನ್ನಡಕ ಮೂಗಿನ ಮೇಲೇ ಇತ್ತು. ಅವಳಿಗೆ ಹೇಳಲಾಗದ್ದನ್ನು ನಿಮಗಾದರೂ ಹೇಳ್ತೀನಿ, ಕೇಳಿ.

ಆಗ ನಾನು ಶಿವಮೊಗ್ಗದಲ್ಲಿ ಇಂಟರ್‌ಮೀಡಿಯೆಟ್ ಓದುತ್ತಿದ್ದ ಮಹಾಪಂಡಿತ. ಕೋಟೆ ಹತ್ತಿರ ರೂಮು, ಕಂಕುಳಲ್ಲಿ ಸದಾ ಒಂದು ಇಂಗ್ಲಿಷ್ ಪುಸ್ತಕ. ಓದಿದ್ದಕ್ಕಿಂತ ತೋರಿಸಿಕೊಂಡು ಓಡಾಡಿದ್ದೇ ಹೆಚ್ಚು. ಭಾನುವಾರ ರೈಲು ಹತ್ತಿ ಭದ್ರಾವತಿಯ ಅಕ್ಕನ ಮನೆಗೆ ಊಟಕ್ಕೆ ಹೋಗುತ್ತಿದ್ದೆ. ಭಾವ ಕಾರ್ಖಾನೆಯಲ್ಲಿ ಕಬ್ಬಿಣ ಎರಕ ಹೊಯ್ಯುವವರು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದರು. ಚದುರಂಗ ಅಂದರೆ ಪ್ರಾಣ. ಆ ತಿಂಗಳು ಅವರು ಮೇಸ್ತ್ರಿ ಪರೀಕ್ಷೆಗೆ ಕೂರುವವರಿದ್ದರು. ಅಕ್ಕ ಸಾಲುಮನೆಯವರಿಗೆಲ್ಲ ಹೇಳಿಯಾಗಿತ್ತು.

ಒಂದು ಭಾನುವಾರ ಒಗಟಿನ ಪುಸ್ತಕವೊಂದನ್ನು ನೋಡಿಕೊಂಡು ಭಾವನಿಗೆ ಈ ಸಮಸ್ಯೆ ಹೇಳಿದೆ. ಎಂಟು 'ರಾಣಿ' ಅಂದೆ.

"ರಾಣಿ ಯಾವುದೋ?"

"ಕ್ವೀನ್, ಭಾವ. ರಾಜನ ಪಕ್ಕದ್ದು."

"ಅದು ಮಂತ್ರಿ ಮಾರಾಯ! ನಿಮ್ಮ ಪುಸ್ತಕದೋರು ಹೆಂಡ್ತೀನ ಯುದ್ಧಕ್ಕೆ ಕಳಿಸ್ತಾರೇನು?"

ಜಗಲಿ ಮೇಲೆ ಕೂತಿದ್ದ ಅಕ್ಕಪಕ್ಕದವರೆಲ್ಲ ಗೊಳ್ಳೆಂದು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಮುಂದಿನ ಭಾನುವಾರ ಹೋದರೆ ಮಣೆಯ ಮೇಲೆ ಎಂಟು ಕಬ್ಬಿಣದ ನಟ್ಟುಗಳು. ಅಷ್ಟು ಮಂತ್ರಿಗಳನ್ನು ಎಲ್ಲಿಂದ ತರೋದು? ಅದೇ ಜನ ಸುತ್ತ ಕೂತಿದ್ದರು. "ಸರೀನಾ ನೋಡು" ಅಂದರು ಭಾವ. ನಾನು ಮಣೆ ನೋಡಲಿಲ್ಲ, ಪುಸ್ತಕದ ಕೊನೆಯ ಪುಟ ನೋಡಿದೆ. ಅಲ್ಲಿದ್ದ ಚಿತ್ರ ಬೇರೆ.

"ತಪ್ಪು ಭಾವ."

"ಯಾವ್ಯಾವುದು ಹೊಡೀತವೆ?"

"ಉತ್ತರ ಇಲ್ಲಿ ಅಚ್ಚಾಗಿದೆ. ಇದಕ್ಕೆಲ್ಲ ಸ್ವಲ್ಪ ಓದಿರಬೇಕು."

ಯಾರೂ ನಗಲಿಲ್ಲ. ಅಷ್ಟಕ್ಕೇ ಬಿಟ್ಟೆನೇ? ರೂಮಿನ ಗೆಳೆಯನಿಗೆ ತೋರಿಸಿ ಗೇಲಿ ಮಾಡೋಣ ಅಂತ ಭಾವನ ಜೋಡಣೆಯನ್ನು ಪುಸ್ತಕದ ಅಂಚಿನಲ್ಲಿ ಗುರುತು ಹಾಕಿಕೊಂಡೆ. ಗೆಳೆಯ ಬೆರಳಿಟ್ಟು ಸಾಲುಸಾಲು ನೋಡಿ, "ಇದೂ ಸರೀನೇ ಅಲ್ಲೇನೋ? ಒಂದೇ ಉತ್ತರ ಅಂತ ಯಾರು ಹೇಳಿದ್ರು?" ಅಂದ.

ಭಾವನ ಪರೀಕ್ಷೆಗೆ ಇನ್ನೂ ನಾಲ್ಕು ದಿನವಿತ್ತು. ಒಂದು ರೈಲು ಹತ್ತಿದ್ದರೆ ಸಾಕಿತ್ತು. ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ? ಎಂಟು ಕಾಯಿ ನೆಟ್ಟಗೆ ಇಡಕ್ಕೆ ಬರದವನಿಗೆ ಮೇಸ್ತ್ರಿ ಕೆಲಸ ಯಾಕೆ ಅಂತ ಭಾವ ಪರೀಕ್ಷೆಗೆ ಕೂರಲೇ ಇಲ್ಲ. ರಿಟೈರಾಗುವವರೆಗೂ ಎರಕವನ್ನೇ ಹೊಯ್ದರು.

ಮೊಮ್ಮಗಳು ಕೇಳಿದ ಮರುದಿನವೇ ಭದ್ರಾವತಿ ಬಸ್ಸು ಹತ್ತಿದೆ. ಭಾವನಿಗೆ ಈಗ ಕಿವಿ ಮಂದ. ಕೂಗಿಯೇ ಹೇಳಬೇಕಾಯಿತು. ಹಾಗೆಯೇ ಆಗಬೇಕಿತ್ತು ನನಗೆ.

"ಸರಿ ಇತ್ತಾ?" ಮುದುಕರ ಮುಖ ಅರಳಿಬಿಟ್ಟಿತು. "ಲೇ ಇವಳೇ, ಕೇಳಿಸ್ತೇನೇ? ನಮ್ದು ಸರಿ ಇತ್ತಂತೆ!"

ಅಕ್ಕ ನನಗೆ ಕಾಫಿ ಹಿಡಿದು ಬಂದವಳು ಅಲ್ಲೇ ನಿಂತಳು.

"ನಿಂಗೆ ಯಾವಾಗ ಗೊತ್ತಾಯ್ತೋ?"

"ಪರೀಕ್ಷೆಗೆ ಮುಂಚೇನೇ, ಅಕ್ಕ."

ಅವಳು ಆ ಲೋಟವನ್ನು ಭಾವನ ಕೈಗೆ ಕೊಟ್ಟು ಒಳಗೆ ಹೋದಳು.